ಕೂಗಳತೆಯ ಕರಡಿಗೆ

ಆ ದೇಶದಲ್ಲಿ ಅರಸುಮನೆಯವರನ್ನು ಇಡಿಯಾಗಿ ಮಣ್ಣು ಮಾಡುತ್ತಿರಲಿಲ್ಲ. ಮೈ ಒಂದು ಕಡೆ, ಹೃದಯ ಒಂದು ಕಡೆ. ಮೈಯನ್ನು ದೊಡ್ಡ ಇಗರ್ಜಿಯ ನೆಲಮಾಳಿಗೆಗೆ ಇಳಿಸುತ್ತಿದ್ದರು. ಹೃದಯವನ್ನು ಮುಷ್ಟಿಗಾತ್ರದ ಬೆಳ್ಳಿಯ ಕರಡಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಬಿಳಿಗೋಡೆಯ ಗೂಡೊಂದರಲ್ಲಿ ಇಡುತ್ತಿದ್ದರು. ಗೋಡೆಯ ತುಂಬ ಗೂಡುಗಳು, ಗೂಡಿಗೊಂದು ಕರಡಿಗೆ. ಆ ಗೋಡೆಯ ಮುಂದೆ ನಿಂತರೆ ಎಂಥ ಬಾಯಿಬಡುಕನ ದನಿಯೂ ತಗ್ಗುತ್ತಿತ್ತು.

ಕರಡಿಗೆಯನ್ನು ಮಾಡುತ್ತಿದ್ದುದು ಸತ್ತ ದಿನವಲ್ಲ, ಹುಟ್ಟಿದ ದಿನ. ಮಗು ಅತ್ತ ದನಿ ಕೇಳಿದೊಡನೆ ಅಂಗಳದಲ್ಲಿ ಅಕ್ಕಸಾಲಿ ಸುತ್ತಿಗೆ ಎತ್ತುತ್ತಿದ್ದ. ಅರಸುಮನೆಯ ಹೃದಯಕ್ಕೆ ಲೋಕದಲ್ಲಿರುವುದು ಎರಡೇ ಜಾಗ, ಎದೆ ಇಲ್ಲವೇ ಕರಡಿಗೆ. ಎದೆಯಲ್ಲಿರುವ ತನಕ ಕರಡಿಗೆ ಬರಿದು. ಎದೆ ಬಿಟ್ಟಿತೋ, ಮನುಷ್ಯ ಸತ್ತಿರಲಿ, ಓಡಾಡಿಕೊಂಡಿರಲಿ, ಅದು ಬಂದು ಕರಡಿಗೆಯಲ್ಲೇ ಕೂರುತ್ತದೆ. ಹೀಗೆಂದು ಹಿರಿಯರು ಹೇಳಿಟ್ಟಿದ್ದರು. ಹೌದೋ ಅಲ್ಲವೋ ಎಂದು ನೋಡಿದವರಿಲ್ಲ, ಏಕೆಂದರೆ ಬದುಕಿರುವವರ ಕರಡಿಗೆಯ ಮುಚ್ಚಳ ತೆರೆಯುವಂತಿರಲಿಲ್ಲ.

ಅದಕ್ಕೇ ಅರಸುಮನೆಯ ಒಂದೊಂದು ಜೀವಕ್ಕೂ ಒಬ್ಬೊಬ್ಬ ಕಾವಲಿನವಳು. ದೊಡ್ಡಮ್ಮನಿಂದ ತಂಗಿಯ ಮಗಳಿಗೆ, ಅವಳಿಂದ ಅವಳ ತಂಗಿಯ ಮಗಳಿಗೆ, ಹೀಗೆ ನಡೆದುಬಂದ ಕೆಲಸ. ಕಾವಲಿನವಳಿಗೆ ಮೂರು ಕಟ್ಟಳೆ. ಕರಡಿಗೆ ಯಾವಾಗಲೂ ಒಡೆಯನ ಎದೆಯಿಂದ ಕೂಗಳತೆಯೊಳಗೆ ಇರಬೇಕು. ಅದನ್ನು ನೆಲಕ್ಕಾಗಲಿ ಕಲ್ಲಿನ ಮೇಲಾಗಲಿ ಇಡಬಾರದು. ಒಡೆಯನ ಹುಟ್ಟುಹಬ್ಬದ ದಿನ ಸಭೆಯ ನಡುವೆ ಅದನ್ನು ಎತ್ತಿ, ಕೈಗೆ ಕಂಡದ್ದನ್ನು ಕಂಡಹಾಗೆ ಹೇಳಬೇಕು.

ನಮ್ಮ ಈ ಕಾವಲಿನವಳಿಗೆ ಕರಡಿಗೆ ಕೊಟ್ಟಾಗ ಹತ್ತೊಂಬತ್ತು ವರ್ಷ. ಅರಸನ ಮೂರನೆಯ ಮಗ ಹುಟ್ಟಿದ್ದ. ಬೆಳ್ಳಿ ಇನ್ನೂ ಬೆಚ್ಚಗಿತ್ತು. ಅತ್ತ ಮಗುವಿಗೆ ಡ್ಯೂಕ ಎಂಬ ಪದವಿ ಕೊಟ್ಟರು, ಅವನು ನೋಡಿರದ ಒಂದು ನದಿಯೂರನ್ನು ಅವನ ಹೆಸರಿಗೆ ಬರೆದರು. ಇತ್ತ ಅವಳ ಎರಡು ಕೈಗೂ ಕೆಲಸ ಸಿಕ್ಕಿತು. ಅಂದಿನಿಂದ ಅವಳ ಕೈ ಬರಿದಾದದ್ದಿಲ್ಲ. ತುತ್ತು ತಿನ್ನುವಾಗ ಕರಡಿಗೆ ಮಡಿಲಲ್ಲಿ, ಮಲಗುವಾಗ ಎದೆಯ ಮೇಲೆ.

ಪ್ರತಿ ಹುಟ್ಟುಹಬ್ಬಕ್ಕೂ ಅರಸುಮನೆಯ ರಿವಾಜುಗಳನ್ನು ನಡೆಸುವ ಕೋಲಿನವನು ಮುಂದೆ ಬಂದು ಬೆಳ್ಳಿಕಟ್ಟಿನ ಕೋಲನ್ನು ಮೂರು ಸಲ ನೆಲಕ್ಕೆ ಕುಟ್ಟುತ್ತಿದ್ದ.

"ಬರಿದೋ, ತುಂಬಿದೆಯೋ?"

ಅವಳು ಎತ್ತಿ ಹೇಳುತ್ತಿದ್ದಳು, "ಬರಿದು."

ಮೂರು ಸಲ ಪ್ರಶ್ನೆ, ಮೂರು ಸಲ ಉತ್ತರ. ಆಮೇಲೆ ಕಹಳೆ. ಆಮೇಲೆ ಡ್ಯೂಕನಿಗೆ ಕುರ್ಚಿ, ತಟ್ಟೆ, ಇನ್ನೊಂದು ವರ್ಷ.

"ತುಂಬಿದೆ" ಎಂದರೆ ಏನಾಗುತ್ತದೆಂದು ಅವಳು ಕಣ್ಣಾರೆ ನೋಡಿದ್ದಳು. ಅವಳ ದೊಡ್ಡಮ್ಮ ಒಬ್ಬ ರಾಜಕುಮಾರಿಯ ಕರಡಿಗೆಯನ್ನು ಎತ್ತಿ ಹಾಗೆಂದಿದ್ದಳು. ಒಡನೆ ಸಭೆಯವರೆಲ್ಲ ತಲೆಗೆ ಟೋಪಿ ಹಾಕಿಕೊಂಡು ಬೆನ್ನು ತಿರುಗಿಸಿದರು, ಸತ್ತವರಿಗೆ ಮಾಡುವ ಹಾಗೆ. ರಾಜಕುಮಾರಿ ಅದಾದ ಮೇಲೆ ಮೂವತ್ತು ವರ್ಷ ಅದೇ ಅರಮನೆಯಲ್ಲಿ ಓಡಾಡಿದಳು. ಅವಳಿಗೆ ಯಾರೂ ಕುರ್ಚಿ ಹಾಕಲಿಲ್ಲ, ತಟ್ಟೆ ಇಡಲಿಲ್ಲ, ಅವಳು ಎಲ್ಲಿಗೆ ಹೋದರೂ, ಏನು ಮಾಡಿದರೂ ಬೇಡ ಎಂದೂ ಯಾರೂ ಅನ್ನಲಿಲ್ಲ. ಸತ್ತವರನ್ನು ತಡೆಯುವ ರಿವಾಜು ಇಲ್ಲವಲ್ಲ. ಗೋಡೆಗೆ ಒರಗಿ ನಿಂತೇ ಅವಳು ಮುದುಕಿಯಾದಳು. ದೊಡ್ಡಮ್ಮ ಸಾಯುವಾಗ ತಂಗಿಯ ಮಗಳ ಕೈ ಹಿಡಿದು, "ನಿಜ ಹೇಳಿದೆ ಮಗಾ. ಆದ್ರೆ ಆ ತಾಯಿ ನಿಂತಿರೋದು ನಂಗೆ ಮಲಗೋಕೆ ಬಿಡ್ಲಿಲ್ಲ," ಎಂದಿದ್ದಳು.

ಡ್ಯೂಕನ ಬದುಕೋ, ದೂರದಿಂದ ನೋಡಿದರೆ ಬಂಗಾರದ ಚೌಕಟ್ಟಿನ ಚಿತ್ರ. ಬೆಳಿಗ್ಗೆ ಅವನ ಅಂಗಿ ಹನ್ನೊಂದು ಗಣ್ಯರ ಕೈ ದಾಟಿ ಅವನ ಮೈಗೆ ಬರಬೇಕು. ಚಳಿಗಾಲದಲ್ಲಿ ಹನ್ನೊಂದನೆಯವನು ಬರುವಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿರುತ್ತಿತ್ತು. ಏಳನೆಯ ವರ್ಷಕ್ಕೆ ಒಂದು ದಂಡಿಗೆ ದಳಪತಿಯಾದ, ಕತ್ತಿ ಅವನಿಗಿಂತ ಒಂದು ಗೇಣು ಉದ್ದ. ಹದಿನಾರಕ್ಕೆ ಮದುವೆ. ಮದುಮಗಳು ದೂರದ ದೇಶದಲ್ಲಿದ್ದುದರಿಂದ ಅವಳ ಚಿತ್ರಪಟದ ಜೊತೆ ಮದುವೆ ಮಾಡಿದರು. ಅವಳು ಬರುವ ದಾರಿಯಲ್ಲಿ ಸಿಡುಬಿಗೆ ಹೋದಳು. ಒಂದು ವರ್ಷ ಡ್ಯೂಕ ಆ ಚಿತ್ರಪಟದ ಮುಂದೆ ಕಪ್ಪು ಬಟ್ಟೆಯಲ್ಲಿ ಕೂತ. ಇಪ್ಪತ್ತಕ್ಕೆ ಯುದ್ಧ. ಎದುರು ದಂಡಿನ ದಳಪತಿ ಅವನ ಸೋದರಮಾವನೇ. ಮಾವ ಅಳಿಯ ಹಿಂದಿನ ದಿನ ಕೂತು ಊಟ ಮಾಡಿದರು, ಮರುದಿನ ಆಳುಗಳು ಸತ್ತರು. ತಲೆಯ ಮೇಲಿನ ಬಿಳಿಯ ಕೂದಲಿನ ಟೋಪನ್ನಿಗೆ ದಿನಕ್ಕೆ ಒಂದು ಸೇರು ಗೋದಿಹಿಟ್ಟು ಉದುರಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಆ ದೇಶದಲ್ಲಿ ಮಲ್ಲಿಗೆಯ ತಂಟೆಯೇ ಇರಲಿಲ್ಲ, ಹಿಟ್ಟೇ ಜುಟ್ಟಿಗೆ ಹೋಗುತ್ತಿತ್ತು.

ಇಷ್ಟೆಲ್ಲ ನಡೆದರೂ ಕರಡಿಗೆ ಬರಿದು. ಮದುವೆಯ ದಿನ ಬರಿದು, ಗೆದ್ದ ದಿನ ಬರಿದು. ಕಾವಲಿನವಳಿಗೆ ಸಮಾಧಾನವಾಗುತ್ತಿತ್ತು, ಒಂದು ಬಗೆಯ ಮರುಕವೂ ಆಗುತ್ತಿತ್ತು.

ಅಣ್ಣ ಪಟ್ಟಕ್ಕೆ ಬಂದ ವರ್ಷ ಡ್ಯೂಕ ಒಂದು ತಪ್ಪು ಮಾಡಿದ. ಅರಸನ ಎದುರು ಕೈಯಿರುವ ಕುರ್ಚಿಯಲ್ಲಿ ಕೂರುವ ಹಕ್ಕು ನಾಲ್ವರಿಗೆ ಮಾತ್ರ, ಉಳಿದವರಿಗೆ ಮೊಣಕಾಲೆತ್ತರದ ಸ್ಟೂಲು, ಅದಕ್ಕೂ ಕೆಳಗಿನವರಿಗೆ ಅವರವರ ಕಾಲು. ಆ ದಿನ ಒಬ್ಬ ಮುದಿ ಸಿಪಾಯಿ ಅರ್ಜಿ ಹಿಡಿದು ಬಂದಿದ್ದ, ಒಂದು ಕಾಲು ಯುದ್ಧದಲ್ಲಿ ಹೋಗಿತ್ತು. ಡ್ಯೂಕ ಎದ್ದು, "ಕೂತ್ಕೋ ತಾತಾ," ಎಂದು ತನ್ನ ಕುರ್ಚಿಯನ್ನು ಅವನಿಗೆ ಕೊಟ್ಟ. ಸಭೆಗೆ ಸಭೆಯೇ ಕಲ್ಲಾಯಿತು. ಅರಸ ಕೆಟ್ಟವನಲ್ಲ, ದಣಿದವನು. "ತಮ್ಮಾ, ನಿನ್ನ ಹೆಸರಿಗೊಂದು ಊರಿದೆ. ಹೋಗಿ ನೋಡ್ಕೊಂಡು ಬಾ," ಎಂದ. ಬರುವ ದಿನ ಹೇಳಲಿಲ್ಲ.

ನದಿಯೂರಿಗೆ ಒಂಬತ್ತು ದಿನದ ದಾರಿ. ಸಾರೋಟಿನಲ್ಲಿ ಎದುರುಬದುರು ಇಬ್ಬರೇ, ಅವನು ಮತ್ತು ಮಡಿಲಲ್ಲಿ ಕರಡಿಗೆ ಹಿಡಿದ ಅವಳು. ಮುಂದೆ ಕುದುರೆಯ ಮೇಲೆ ಕೋಲಿನವನು. ಅರಸುಮನೆಯ ರಕ್ತ ಎಲ್ಲಿಗೆ ಹೋದರೂ ರಿವಾಜು ಮುಂದೆ ಹೋಗುತ್ತದೆ.

"ಅವ್ವಾ, ಅದು ಭಾರ ಇಲ್ವಾ?" ಎಂದು ಡ್ಯೂಕ ಕೇಳಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಮಾತು ಕೇಳಿದವನು ಅವನೊಬ್ಬನೇ.

"ಬರಿದು ಒಡೆಯಾ. ಭಾರ ಎಲ್ಲಿಂದ ಬರ್ಬೇಕು?"

"ಅದೇ ಯೋಚನೆ ನಂಗೂ," ಎಂದು ಅವನು ಕಿಟಕಿಯ ಆಚೆ ನೋಡಿದ.

ನದಿಯೂರು ನದಿಯ ಎರಡು ಕಡೆಗೂ ಇತ್ತು. ಈಚೆದಡ ಎತ್ತರ, ಅಲ್ಲಿ ಕೋಟೆ, ಇಗರ್ಜಿ, ಅಧಿಕಾರಿಗಳ ಮನೆಗಳು. ಆಚೆದಡ ತಗ್ಗು, ಅಲ್ಲಿ ಹಗ್ಗ ಹೊಸೆಯುವವರು, ತೊಗಲು ಹದ ಮಾಡುವವರು, ಅಗಸರು. ನಡುವೆ ಮರದ ಸೇತುವೆ. ಬಂದ ಮೂರನೆಯ ದಿನ ಡ್ಯೂಕ ಸೇತುವೆ ದಾಟಿದ, ಹಿಂದೆ ಕೂಗಳತೆಯಲ್ಲಿ ಕಾವಲಿನವಳು. ನದಿಯ ಮೆಟ್ಟಿಲಲ್ಲಿ ಒಬ್ಬ ಅಗಸಗಿತ್ತಿ ಒಗೆದ ದುಪ್ಪಟಿಯನ್ನು ಹಿಂಡಲು ಒದ್ದಾಡುತ್ತಿದ್ದಳು. ದೊಡ್ಡ ದುಪ್ಪಟಿ ಹಿಂಡಲು ಇಬ್ಬರು ಬೇಕು. ಅವಳು ತಲೆಯೆತ್ತಿ, ಹಿಟ್ಟು ಬಳಿದುಕೊಂಡ ಯಾರೋ ನಿಂತಿರುವುದನ್ನು ನೋಡಿದಳು.

"ಕಂಬದ ಥರ ಏನ್ ನಿಂತಿದ್ದೀಯಪ್ಪಾ? ಒಂದು ತುದಿ ಹಿಡಿ."

ತನ್ನ ಅಂಗಿಯನ್ನು ತಾನೇ ಹಾಕಿಕೊಂಡಿರದ ಡ್ಯೂಕ ತುದಿ ಹಿಡಿದ. ಅವಳು ಬಲಕ್ಕೆ ತಿರುವಿದರೆ ಇವನೂ ಅದೇ ಕಡೆ ತಿರುವಿದ, ದುಪ್ಪಟಿ ಹಗ್ಗವಾಗದೆ ಗಿರಗಿರ ಸುತ್ತಿತು. "ಅಯ್ಯೋ, ನಿಮ್ಮವ್ವ ಏನೂ ಕಲಿಸಲಿಲ್ವಾ? ನಾನು ಆ ಕಡೆಗಾದ್ರೆ ನೀನು ಈ ಕಡೆಗೆ," ಎಂದಳು. ನೀರು ಸುರಿಯಿತು. ಅವನ ರೇಶಿಮೆಯ ಕಾಲುಚೀಲ ಒದ್ದೆಯಾಯಿತು. ಅವನು ಮಗುವಾಗಿದ್ದಾಗಲೂ ನಗದ ನಗೆ ನಕ್ಕ. ಅದೇ ಗಳಿಗೆಗೆ ಮೆಟ್ಟಿಲ ಮೇಲೆ ನಿಂತ ಕಾವಲಿನವಳ ಕೈಯಲ್ಲಿ ಕರಡಿಗೆ ಒಂದು ಮೊಟ್ಟೆಯಷ್ಟು ಭಾರವಾಯಿತು.

ಕೈ ಸೋತಿರಬೇಕು ಎಂದುಕೊಂಡಳು. ಮರುದಿನವೂ ಅಷ್ಟೇ ಭಾರ. ಹುಟ್ಟುಹಬ್ಬ ಬಂತು, ಕೋಲಿನವನು ಕುಟ್ಟಿದ, "ಬರಿದೋ, ತುಂಬಿದೆಯೋ?" ಗೋಡೆಗೆ ಒರಗಿ ನಿಂತ ರಾಜಕುಮಾರಿ ಅವಳ ಕಣ್ಣ ಮುಂದೆ ಬಂದಳು.

"ಬರಿದು," ಎಂದಳು. ಅವಳ ಮನೆತನದ ಹನ್ನೊಂದು ಹೆಂಗಸರು ಹೇಳಿರದ ಸುಳ್ಳನ್ನು ಹನ್ನೆರಡನೆಯವಳು ಮೂರು ಸಲ ಹೇಳಿದಳು.

ಯಾರೋ ಹೆಣ್ಣಿರಬೇಕು ಎಂದು ಅವಳ ಲೆಕ್ಕ. ಸುಳ್ಳು ಹೇಳಿದ ಮೇಲೆ ಯಾರಿಗಾಗಿ ಎಂದಾದರೂ ತಿಳಿಯಬೇಡವೇ? ಒಂದು ದಿನ ಕೇಳಿಯೇಬಿಟ್ಟಳು, "ಒಡೆಯಾ, ಎದೆಯೊಳಗಿನದ್ದನ್ನು ಯಾರಿಗಾದ್ರೂ ಕೊಟ್ಟಿದ್ದೀರಾ?"

"ಯಾರೂ ಕೇಳ್ಲಿಲ್ಲ ಅವ್ವಾ," ಎಂದು ಅವನು ನಕ್ಕ.

ಅವಳು ಕಾದು ನೋಡಿದಳು. ಹೆಣ್ಣು ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ: ಡ್ಯೂಕ ದಿನವೂ ಸೇತುವೆ ದಾಟುತ್ತಿದ್ದ. ಹಗ್ಗದವರ ಬೀದಿಯಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆದು ಹಗ್ಗ ಹೊಸೆಯುವುದನ್ನು ಕಲಿತ. ಅಂಬಿಗರ ಜೊತೆ ಹುಟ್ಟು ಹಾಕಲು ಕಲಿತ. ಯಾವ ಮನೆಯ ಮಾಡು ಸೋರುತ್ತದೆ, ಯಾವ ಮುದುಕನಿಗೆ ಕಿವಿ ಕೇಳಿಸದು, ಯಾವ ಮಗುವಿಗೆ ಕೆಮ್ಮು, ಎಲ್ಲ ಅವನ ಬಾಯಲ್ಲಿ. ತಲೆಗೆ ಹಿಟ್ಟು ಹಾಕುವುದನ್ನು ಬಿಟ್ಟ, ಆ ಹಿಟ್ಟು ಆಚೆದಡದ ಒಲೆಗಳಿಗೆ ಹೋಯಿತು. ಆಳಾಗಬಲ್ಲವನು ಅರಸಾಗಬಲ್ಲ ಎನ್ನುತ್ತಾರೆ, ಇವನಿಗೆ ಅರಸಾಗುವ ದಾರಿಯಿರಲಿಲ್ಲ, ಆಳಾಗುವುದೇ ಸಾಕೆನ್ನುವಂತೆ ಇದ್ದ. ಕರಡಿಗೆ ವರ್ಷದಿಂದ ವರ್ಷಕ್ಕೆ ತೂಗುತ್ತ ಹೋಯಿತು. ಮೊಟ್ಟೆಯಷ್ಟಿದ್ದದ್ದು ತೆಂಗಿನಕಾಯಷ್ಟಾಯಿತು, ಆಮೇಲೆ ಎತ್ತಿದಾಗ ಮೊಣಕೈ ನಡುಗುವಷ್ಟು. ಐದು ಹುಟ್ಟುಹಬ್ಬಗಳಲ್ಲಿ ಅವಳು ಹದಿನೈದು ಸಲ ಬರಿದು ಎಂದಳು. ಒಳಗೆ ಏನಿದೆಯೋ ಎಂಬ ಅಂಜಿಕೆಗಿಂತ ಬೆರಗು ದೊಡ್ಡದಾಗಿತ್ತು. ಕರಡಿಗೆಯನ್ನು ಕಿವಿಗೆ ಹಿಡಿದರೆ ಬೀದಿಯ ಸದ್ದು ಕೇಳಿಸಿದಂತಾಗುತ್ತಿತ್ತು.

ಆರನೆಯ ವರ್ಷದ ಚಳಿ ಎಂದಿನ ಚಳಿಯಲ್ಲ. ನದಿ ತಳದ ತನಕ ಹೆಪ್ಪುಗಟ್ಟಿತು. ವಸಂತದಲ್ಲಿ ಒಂದು ಬೆಳಿಗ್ಗೆ ಮಂಜುಗಡ್ಡೆ ಬಿರಿದ ಸದ್ದಿಗೆ ಕೋಟೆಯ ಗಾಜುಗಳು ಅದುರಿದವು. ಮಧ್ಯಾಹ್ನದೊಳಗೆ ಸೇತುವೆ ಕೊಚ್ಚಿಹೋಯಿತು. ಆಚೆದಡ ನೀರಿನಲ್ಲಿ ಮುಳುಗಿ ಮಾಡುಗಳು ಮಾತ್ರ ಉಳಿದವು, ಮಾಡುಗಳ ಮೇಲೆ ಜನ. ಅಗಸರ ಮಾಡಿನ ಮೇಲೆ ಯಾರೋ ಒಂದು ದುಪ್ಪಟಿ ಬೀಸುತ್ತಿದ್ದರು. ಈಚೆದಡದಲ್ಲಿ ಒಂದೇ ದೋಣಿ ಉಳಿದಿತ್ತು, ಹುಟ್ಟು ಹಾಕುವವನನ್ನು ಬಿಟ್ಟರೆ ಮೂವರು ಹಿಡಿಸುವಂಥದ್ದು. ಅಂಬಿಗರು ಸೇತುವೆಗೆ ಕಟ್ಟಿದ್ದ ತಮ್ಮ ದೋಣಿಗಳ ಜೊತೆಗೇ ಕೊಚ್ಚಿಹೋಗಿದ್ದರು.

ಡ್ಯೂಕ ಹುಟ್ಟು ಎತ್ತಿಕೊಂಡ. ಕೋಲಿನವನು ದೋಣಿಗೂ ಅವನಿಗೂ ನಡುವೆ ಬೆಳ್ಳಿಕಟ್ಟಿನ ಕೋಲನ್ನು ಅಡ್ಡ ಹಿಡಿದ. ಅವನ ಹಿಂದೆ ಸಿಪಾಯಿಗಳು.

"ಕ್ಷಮಿಸಬೇಕು ಒಡೆಯಾ. ಈ ಭೋರ್ಗರೆತದಲ್ಲಿ ಕೂಗು ಆಚೆದಡ ಮುಟ್ಟುವುದಿಲ್ಲ. ಕರಡಿಗೆಯ ಕೂಗಳತೆ ಮೀರಿ ಅರಸುಮನೆಯ ಎದೆ ಹೋಗುವಂತಿಲ್ಲ."

"ಹಾಗಾದ್ರೆ ಕರಡಿಗೇನೂ ದೋಣಿ ಹತ್ತಲಿ," ಎಂದು ಕಾವಲಿನವಳು ಮುಂದೆ ಬಂದಳು. ಅವಳಿಗೆ ಈಜು ಬರುತ್ತಿರಲಿಲ್ಲ.

"ಬೇಡ ಅವ್ವಾ," ಎಂದ ಡ್ಯೂಕ. "ನೀನು ಕೂತ ಜಾಗದಲ್ಲಿ ಪ್ರತಿಸಲ ಒಬ್ಬರು ಕಮ್ಮಿಯಾಗ್ತಾರೆ."

ಆಚೆಯಿಂದ ಒಂದು ಮಾಡು ಕಳಚಿಕೊಂಡು ತೇಲಿಹೋಯಿತು. ಅದರ ಮೇಲೆ ಯಾರೂ ಉಳಿದಿರಲಿಲ್ಲ. ಡ್ಯೂಕ ಕೋಲನ್ನು ತಳ್ಳಿದ, ಸಿಪಾಯಿಗಳು ಅವನ ತೋಳು ಹಿಡಿದರು, ತಲೆ ಬಗ್ಗಿಸಿ, ಬಹಳ ಮರ್ಯಾದೆಯಿಂದ ಹಿಡಿದರು.

ಕಾವಲಿನವಳು ಕರಡಿಗೆಯನ್ನು ಎದೆಗೊತ್ತಿಕೊಂಡಳು. ಐದು ವರ್ಷ ಯಾವ ಮಾತನ್ನು ನಾಲಿಗೆಯ ಅಡಿಯಲ್ಲಿ ಬಚ್ಚಿಟ್ಟು ಅವನನ್ನು ಬದುಕಿಸಿದ್ದಳೋ ಅದೇ ಮಾತು ಈಗ ಅವನನ್ನು ಬಿಡಿಸಬಲ್ಲದು. ಬಿಡಿಸಿದರೆ ಅವನು ಎಲ್ಲಿಗೆ ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು, ಆ ನೀರು ಎಂಥದೆಂದೂ ಗೊತ್ತಿತ್ತು. ಹುಟ್ಟಿದ ದಿನದಿಂದ ನೋಡಿಕೊಂಡು ಬಂದ ಜೀವ. ಅವನ ಮುಖ ನೋಡಿದಳು. ಅವನು ನೋಡುತ್ತಿದ್ದುದು ದುಪ್ಪಟಿಯನ್ನು.

"ಕೋಲಿನವನೇ, ಪ್ರಶ್ನೆ ಕೇಳು," ಎಂದಳು.

"ಇವತ್ತು ಹುಟ್ಟುಹಬ್ಬ ಅಲ್ಲ."

"ಕೇಳು ಅಂದೆ."

ಕಾವಲಿನವಳು ಕೇಳು ಎಂದರೆ ಕೇಳದಿರುವ ರಿವಾಜಿರಲಿಲ್ಲ. ಅವನು ಒದ್ದೆ ಕಲ್ಲಿಗೆ ಕೋಲು ಕುಟ್ಟಿದ. "ಬರಿದೋ, ತುಂಬಿದೆಯೋ?"

ಅವಳು ಎರಡೂ ಕೈಯಿಂದ ಕರಡಿಗೆ ಎತ್ತಿದಳು. "ತುಂಬಿದೆ."

ಎರಡನೆಯ ಸಲ, "ತುಂಬಿದೆ." ಮೂರನೆಯ ಸಲ ಇಷ್ಟು ಸೇರಿಸಿ ಹೇಳಿದಳು, "ತುಂಬಿ ಐದು ವರ್ಷ ಆಯ್ತು. ನಾನು ಸುಳ್ಳು ಹೇಳ್ದೆ."

ಸಿಪಾಯಿಗಳ ಕೈಗಳು ತಾವಾಗಿ ಸಡಿಲವಾದವು. ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು ಬೆನ್ನು ತಿರುಗಿಸಿದರು. ಕೋಲಿನವನೂ ಕೋಲು ತಗ್ಗಿಸಿ ತಿರುಗಿದ. ನದಿಯ ದಡದಲ್ಲಿ ಡ್ಯೂಕ ಎಂಬವನು ಈಗ ಇರಲಿಲ್ಲ, ಅಂಗಿಯ ತೋಳು ಮಡಿಸುತ್ತಿದ್ದ ಒಬ್ಬ ಮನುಷ್ಯ ಇದ್ದ.

"ನಂಗೆ ಗೊತ್ತಿತ್ತು ಅವ್ವಾ," ಎಂದ ಅವನು. "ಎತ್ತುವಾಗ ನಿನ್ನ ಮೊಣಕೈ ನಡುಗ್ತಿತ್ತು." ಆಮೇಲೆ ದೋಣಿಗೆ ಕಾಲಿಟ್ಟು, "ಇನ್ನು ಅರಸನ ಅಂಕೆ ಇಲ್ಲ, ದೆವ್ವದ ಕಾಟ ಇಲ್ಲ. ದೆವ್ವ ನಾನೇ," ಎಂದು ನಕ್ಕು ಹೊರಟ.

ನಾಲ್ಕು ಸಲ ಹೋಗಿ ಬಂದ. ಮಂಜುಗಡ್ಡೆಗಳ ನಡುವೆ ಆ ದೋಣಿ ಹೇಗೆ ದಾರಿ ಹುಡುಕಿತೆಂದು ಇಂದಿಗೂ ಯಾರಿಗೂ ಹೇಳಲು ಬರುವುದಿಲ್ಲ. ಮೂರು ಮೂರು ಜನ, ಒಂದು ಸಲ ಮಡಿಲಲ್ಲಿ ಕೂಸು, ಒಟ್ಟು ಹದಿಮೂರು ಜೀವ. ನಾಲ್ಕನೆಯ ಸಲ ಅಗಸಗಿತ್ತಿ ಬಂದಳು, ದುಪ್ಪಟಿಯನ್ನು ಹೆಗಲಿಗೆ ಸುತ್ತಿಕೊಂಡು. ದಡದವರು ಹಗ್ಗ ಎಸೆದು ದೋಣಿ ಎಳೆದುಕೊಳ್ಳುತ್ತಿದ್ದರು. ಬೆನ್ನು ತಿರುಗಿಸಿ ನಿಂತ ಸಿಪಾಯಿಗಳು ಕೂಡ ಹಿಂದಕ್ಕೆ ಕೈ ಚಾಚಿ ಹಗ್ಗ ಹಿಡಿದಿದ್ದರು. ಕಾವಲಿನವಳೊಬ್ಬಳು ಎಳೆಯಲಾರದೆ ನಿಂತಿದ್ದಳು, ಅವಳ ಕೈಯಲ್ಲಿ ಕರಡಿಗೆ ಇತ್ತು.

ಆಚೆ ಉಳಿದಿದ್ದವನು ಕಿವಿ ಕೇಳಿಸದ ಒಬ್ಬ ಮುದುಕ. ಐದನೆಯ ಸಲ ಹೋದ ದೋಣಿಗೆ ನಡುನೀರಿನಲ್ಲಿ ಸೇತುವೆಯ ತೊಲೆಯೊಂದು ಬಂದು ಬಡಿಯಿತು. ಒಂದು ಹುಟ್ಟು ನೆಟ್ಟಗೆ ನಿಂತದ್ದು ಕಾಣಿಸಿತು, ಆಮೇಲೆ ಅದೂ ಇಲ್ಲ. ಮುದುಕನ ಮಾಡೂ ಸಂಜೆಯೊಳಗೆ ಹೋಯಿತು.

ಆ ಗಳಿಗೆಗೆ ಕಾವಲಿನವಳು ಕರಡಿಗೆ ಕೈಜಾರಿತೆಂದು ಬೆಚ್ಚಿದಳು. ಜಾರಿರಲಿಲ್ಲ. ಭಾರ ಹೋಗಿತ್ತು. ಬೆಳ್ಳಿ ಹಕ್ಕಿಯ ಗೂಡಿನಷ್ಟು ಹಗುರವಾಗಿತ್ತು, ಮೂವತ್ತಮೂರು ವರ್ಷದ ಹಿಂದೆ ಅಕ್ಕಸಾಲಿ ಕೈಗಿತ್ತಾಗ ಇದ್ದ ಹಾಗೆ.

ಮೈ ಸಿಗಲಿಲ್ಲ. ಅವಳನ್ನು ಒಂಬತ್ತು ದಿನದ ದಾರಿ ನಡೆಸಿಕೊಂಡು ಹೋಗಿ ಅರಸನ ಮುಂದೆ ನಿಲ್ಲಿಸಿದರು. ಕೋಲಿನವನು ನಡೆದದ್ದನ್ನೆಲ್ಲ ಹೇಳಿದ, ಸುಳ್ಳನ್ನೂ ಬಿಡಲಿಲ್ಲ. ಬಿಳಿಗೋಡೆಯಲ್ಲಿ ಡ್ಯೂಕನ ಗೂಡನ್ನು ತೆರೆದಿಟ್ಟಿದ್ದರು. ಗೂಡಿಗೆ ಇಡುವ ಮುನ್ನ ಕೊನೆಯ ಸಲ ಕೇಳಬೇಕು, ಅದು ಕಟ್ಟಳೆ. ಅರಸ ತಾನೇ ಕೇಳಿದ.

"ಬರಿದೋ, ತುಂಬಿದೆಯೋ?"

"ಬರಿದು."

ಸಭೆಯಲ್ಲಿ ಗುಜುಗುಜು ಎದ್ದಿತು. ಈ ಹೆಂಗಸಿಗೆ ಸುಳ್ಳು ಹೇಳಿ ನಾಲಿಗೆ ಕೆಟ್ಟಿದೆ ಎಂದರು. ಅರಸ ಸಿಂಹಾಸನ ಇಳಿದು ಬಂದು ಕರಡಿಗೆಯನ್ನು ತನ್ನ ಕೈಗೆ ತೆಗೆದುಕೊಂಡ. ಅದರ ಹಗುರಕ್ಕೆ ಅವನ ಕೈ ಮೇಲೆ ಹಾರಿತು. ಸತ್ತವರ ಮುಚ್ಚಳ ತೆರೆಯಬಹುದು, ತೆರೆದ. ಒಳಗೆ ಏನೂ ಇರಲಿಲ್ಲ. ಹೊಳೆಯುವ ಬೆಳ್ಳಿಯ ತಳದಲ್ಲಿ ಅವನ ಮುಖವೇ ಅವನಿಗೆ ಕಾಣಿಸಿತು. ಅವನು ಕೋಲಿನವನ ಕಡೆ ತಿರುಗಿದ.

"ಹೃದಯಕ್ಕೆ ಎರಡೇ ಜಾಗ ಅಂತಲ್ವಾ ಹಿರಿಯರು ಹೇಳಿದ್ದು?" ಎಂದ.

"ಹೌದು ಪ್ರಭೂ, ಎದೆ ಇಲ್ಲವೇ ಕರಡಿಗೆ," ಎಂದ ಕೋಲಿನವನು.

"ಕರಡಿಗೆಯಲ್ಲಿಲ್ಲ. ಅಂದ್ರೆ ಎದೆಯಲ್ಲಿದೆ. ಯಾರ ಎದೆಯಲ್ಲಿ ಅಂತ ರಿವಾಜು ಕೇಳೋದಿಲ್ಲ." ಅರಸ ಮುಚ್ಚಳ ಹಾಕಿದ. "ನನ್ನ ತಮ್ಮನಿಗೆ ಕುರ್ಚಿ ಹಾಕಿ. ಕೈಯಿರೋದು."

ಕುರ್ಚಿ ಹಾಕಿದರು. ತಟ್ಟೆ ಇಟ್ಟರು. ಕಹಳೆ ಊದಿದರು. ಟೋಪಿ ಹಾಕಿದ್ದವರೆಲ್ಲ ಟೋಪಿ ತೆಗೆದರು. ಕಾವಲಿನವಳು ಕರಡಿಗೆಯನ್ನು ಮರಳಿ ಪಡೆದು ತಲೆಬಾಗಿದಳು.

"ಹಾಗಾದ್ರೆ ಅಪ್ಪಣೆಯಾಗ್ಬೇಕು ಪ್ರಭೂ. ನಾನು ಅವರ ಕೂಗಳತೆಯಲ್ಲಿರ್ಬೇಕು."

ಅರಸ ತಲೆಯಾಡಿಸಿದ.

ಅವಳು ನದಿಯೂರಿಗೆ ಬಂದಾಗ ನೀರು ಇಳಿದಿತ್ತು. ಆಚೆದಡದಲ್ಲಿ ದೋಣಿಯಲ್ಲಿ ಬಂದವರು, ಸೇತುವೆ ಮುರಿಯುವ ಮುನ್ನವೇ ದಾಟಿ ಉಳಿದವರ ಜೊತೆ ಸೇರಿ ಮಾಡು ಕಟ್ಟುತ್ತಿದ್ದರು. ಹೊಸ ಸೇತುವೆಗೆ ಹಗ್ಗ ಹೊಸೆಯುವವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ಅವಳು ಬೀದಿಯಲ್ಲಿ ನಿಂತು ಕಿವಿಗೊಟ್ಟಳು. ಸುತ್ತಿಗೆಯ ಸದ್ದು, ಕೂಸಿನ ಅಳು, ಯಾರೋ ಯಾರನ್ನೋ ಬೈಯುವ ದನಿ. ಕರಡಿಗೆಯೊಳಗೆ ಅವಳು ಕೇಳುತ್ತಿದ್ದ ಸದ್ದು ಇದೇ ಆಗಿತ್ತು.

ನದಿಯ ಮೆಟ್ಟಿಲಲ್ಲಿ ಅಗಸಗಿತ್ತಿ ದುಪ್ಪಟಿಯ ಜೊತೆ ಒದ್ದಾಡುತ್ತಿದ್ದಳು. ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು.

"ಬಾರಕ್ಕಾ, ಒಂದು ತುದಿ ಹಿಡಿ."

ಕಾವಲಿನವಳು ತನ್ನ ಕೈಯನ್ನು ನೋಡಿಕೊಂಡಳು. ಹತ್ತೊಂಬತ್ತನೆಯ ವಯಸ್ಸಿನಿಂದ ಇಳಿಸಿರದ ಕರಡಿಗೆಯನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ದುಪ್ಪಟಿಯ ತುದಿ ಹಿಡಿದಳು. ಅಗಸಗಿತ್ತಿ ಆ ಕಡೆಗೆ ತಿರುವಿದರೆ ಇವಳು ಈ ಕಡೆಗೆ ತಿರುವಿದಳು.